ಪದ್ಯ ವಿಶ್ಲೇಷಣೆಯ ಪ್ರಬಂಧ: ಪರೀಕ್ಷೆಗೆ ತಯಾರಾಗುವ ಬಗೆ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯಲ್ಲಿ ಕನ್ನಡ ಐಚ್ಛಿಕ ಓದುವ ಪದವಿ ವಿದ್ಯಾರ್ಥಿಗಳಿರಲಿ, ಎಂ.ಎ. ಕಟ್ಟಿದವರಿರಲಿ, ಯುಪಿಎಸ್‌ಸಿಗೆ ಕನ್ನಡ ಸಾಹಿತ್ಯ ಆರಿಸಿಕೊಂಡವರಿರಲಿ, ಪದ್ಯದ ಪ್ರಶ್ನೆಯಲ್ಲಿ ಅಂಕ ಸೋರುವ ಜಾಗ ಸಾಮಾನ್ಯವಾಗಿ ಒಂದೇ. 'ವಿಶ್ಲೇಷಿಸಿ' ಎಂದು ಕೇಳಿದರೆ ಸಾರಾಂಶ ಬರೆದು ಬರುತ್ತಾರೆ. ಸಾರಾಂಶ ತಪ್ಪಿರುವುದಿಲ್ಲ, ಅಕ್ಷರವೂ ದುಂಡಗಿರುತ್ತದೆ, ನಾಲ್ಕು ಪುಟವೂ ತುಂಬಿರುತ್ತದೆ. ಆದರೂ ಅಂಕ ಅರ್ಧಕ್ಕಿಂತ ಮೇಲೆ ಹೋಗುವುದಿಲ್ಲ. ಪದ್ಯ ಏನು ಹೇಳಿದೆ ಎಂಬುದು ಮೌಲ್ಯಮಾಪಕರಿಗೆ ಗೊತ್ತು. ಅದನ್ನು ಹೇಗೆ ಹೇಳಿದೆ, ಆ 'ಹೇಗೆ'ಯಿಂದ ಅರ್ಥಕ್ಕೆ ಏನಾಯಿತು ಎಂಬುದನ್ನು ಅವರು ನಿಮ್ಮಿಂದ ಕೇಳುತ್ತಿದ್ದಾರೆ.

ಹಾಗಾಗಿ ಇಡೀ ತಯಾರಿಗೆ ಒಂದೇ ಅಳತೆಗೋಲು ಇಟ್ಟುಕೊಳ್ಳಿ: ನೀವು ಬರೆಯುವ ಪ್ರತಿ ಮಾತಿಗೂ ಪದ್ಯದೊಳಗಿನ ಒಂದು ಶಬ್ದ ಸಾಕ್ಷಿ ನಿಲ್ಲಬೇಕು. ಸಾಕ್ಷಿ ಸಿಗದ ಮಾತನ್ನು ಹೊಡೆದುಹಾಕಿ.

ಪ್ರಶ್ನೆಯ ಕೊನೆಯ ಪದ

ಮೊದಲ ಕೆಲಸ ಹಳೆಯ ಪ್ರಶ್ನೆಪತ್ರಿಕೆಗಳದ್ದು. ಕಳೆದ ನಾಲ್ಕೈದು ವರ್ಷದವು ಕಾಲೇಜಿನ ಗ್ರಂಥಾಲಯದಲ್ಲೋ ಸೀನಿಯರ್‌ಗಳ ಫೋನಿನಲ್ಲೋ ಸಿಗುತ್ತವೆ. ಪದ್ಯಭಾಗದ ಪ್ರಶ್ನೆಗಳನ್ನಷ್ಟೇ ಒಂದು ಹಾಳೆಗೆ ಇಳಿಸಿ, ಪ್ರತಿಯೊಂದರ ಕೊನೆಯ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. 'ವಿವರಿಸಿ' ಎಂದರೆ ಅರ್ಥ ಬಿಡಿಸಿ ಹೇಳಬೇಕು, ಉದಾಹರಣೆ ಕೊಡಬೇಕು. 'ವಿಶ್ಲೇಷಿಸಿ' ಎಂದರೆ ಪದ್ಯವನ್ನು ಬಿಚ್ಚಿ, ಯಾವ ಭಾಗ ಯಾವ ಕೆಲಸ ಮಾಡುತ್ತಿದೆ ಎಂದು ತೋರಿಸಬೇಕು. 'ವಿಮರ್ಶಿಸಿ' ಎಂದರೆ ಅದರ ಜತೆಗೆ ತೂಗಿ ನೋಡಬೇಕು: ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ. 'ಸಮರ್ಥಿಸಿ' ಎಂದಾಗ ಪ್ರಶ್ನೆಯಲ್ಲೇ ಒಂದು ಅಭಿಪ್ರಾಯವಿರುತ್ತದೆ. ಅದನ್ನು ಪದ್ಯದಿಂದ ನಿಲ್ಲಿಸಿ ತೋರಿಸಬೇಕು, ಬೇರೆ ಅಭಿಪ್ರಾಯ ಇದ್ದರೆ ಕೊನೆಯಲ್ಲಿ ಎರಡು ವಾಕ್ಯ ಸಾಕು.

ಪಿಯುಸಿಯಲ್ಲಿ 'ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ' ಬರೆದು ಬಂದ ಕೈಗೆ ಒಂದು ಅಭ್ಯಾಸ ಅಂಟಿರುತ್ತದೆ: ಆಯ್ಕೆ, ಸಂದರ್ಭ, ವಿವರಣೆ, ಸ್ವಾರಸ್ಯ ಎಂಬ ನಾಲ್ಕು ಖಾನೆ. ಮೂರು ಅಂಕದ ಉತ್ತರಕ್ಕೆ ಅದು ಸರಿ. ಹದಿನೈದು ಅಂಕದ ಪ್ರಬಂಧವನ್ನೂ ಅದೇ ಖಾನೆಗೆ ತುಂಬಿದರೆ ಸ್ವಾರಸ್ಯವೆಲ್ಲ ಕೊನೆಯ ಮೂರು ಸಾಲಿಗೆ ಸೇರಿಕೊಳ್ಳುತ್ತದೆ. ಪ್ರಬಂಧದಲ್ಲಿ ಸ್ವಾರಸ್ಯವೇ ಒಡಲು.

ಎಷ್ಟು ಪದ್ಯ, ಎಷ್ಟು ವಾರ

ಪಠ್ಯದಲ್ಲಿ ಹನ್ನೆರಡು ಪದ್ಯಭಾಗಗಳಿದ್ದರೆ ಹನ್ನೆರಡನ್ನೂ ಓದಿ, ಆದರೆ ಐದಾರನ್ನು ಮಾತ್ರ ಆಳವಾಗಿ ತಯಾರು ಮಾಡಿ. ಆ ಐದಾರರಲ್ಲಿ ಹಳಗನ್ನಡ ಒಂದು, ನಡುಗನ್ನಡ ಒಂದು, ವಚನ ಅಥವಾ ಕೀರ್ತನೆ ಒಂದು, ನವೋದಯ ಒಂದು, ನವ್ಯ ಅಥವಾ ಅದರ ನಂತರದ್ದು ಒಂದು ಇರಲಿ. ಪ್ರಶ್ನೆಯಲ್ಲಿ ಆಯ್ಕೆ ಇದ್ದಾಗ ಇಷ್ಟು ಹರವು ಕೈ ಕೊಡುವುದಿಲ್ಲ.

ಒಂದು ಪದ್ಯಕ್ಕೆ ಒಂದು ವಾರ, ದಿನಕ್ಕೆ 40 ನಿಮಿಷ ಎಂದು ಹಿಡಿದರೆ ಆರು ವಾರ ಬೇಕು. ಬರಿಯ ಬರವಣಿಗೆಯ ಅಭ್ಯಾಸಕ್ಕೆ ಇನ್ನೆರಡು ವಾರ. ಈ ಎಂಟು ವಾರವನ್ನು ಎಲ್ಲಿ ಕೂರಿಸಬೇಕು ಎಂಬುದು ನಮ್ಮ ಕೊಡಗು ಜಿಲ್ಲೆಯಲ್ಲಿ ಯೋಚಿಸಲೇಬೇಕಾದ ಮಾತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಹಳಷ್ಟು ಮನೆಗಳಲ್ಲಿ ಕಾಫಿ ಕೊಯ್ಲು, ಕಣದಲ್ಲಿ ಒಣಗಿಸುವ ಕೆಲಸ ಇರುತ್ತದೆ. ಆ ದಿನಗಳಲ್ಲಿ ಕೂತು ಬರೆಯುವುದು ಕಷ್ಟ, ಆದರೆ ಬಾಯಿಪಾಠ ಆಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ರಜೆ ಘೋಷಣೆಯಾದ ದಿನ, ಕರೆಂಟ್ ಹೋದ ಸಂಜೆ, ಪುಸ್ತಕ ಮುಚ್ಚಿ ಪದ್ಯವನ್ನು ಗಟ್ಟಿಯಾಗಿ ಹೇಳಿಕೊಳ್ಳಲು ಸಮಯ ಸಿಗುತ್ತದೆ. ಬೆಳಕು ಬೇಕಾದ ಕೆಲಸ, ಅಂದರೆ ಪ್ರಸ್ತಾರ ಹಾಕುವುದು (ಲಘು-ಗುರು ಗುರುತು ಹಾಕಿ ಎಣಿಸುವುದು), ಪದ್ಯದ ಟಿಪ್ಪಣಿ ಕಾರ್ಡ್ ಬರೆಯುವುದು, ಹಗಲಿಗೆ ಇರಲಿ.

ಮೊದಲು ಕಿವಿ

ಪದ್ಯ ಕೈಗೆ ಬಂದ ಕೂಡಲೇ ಗೈಡ್ ತೆರೆಯಬೇಡಿ. ಗೈಡಿನ ಅರ್ಥ ಒಮ್ಮೆ ತಲೆಗೆ ಹೊಕ್ಕರೆ ನಿಮ್ಮ ಕಣ್ಣಿಗೆ ಬೇರೇನೂ ಕಾಣುವುದಿಲ್ಲ. ಮೊದಲ ದಿನ ಮೂರು ಸಲ ಗಟ್ಟಿಯಾಗಿ ಓದಿ. ಮೊದಲನೆಯದು ತಡೆಯದೆ. ಎರಡನೆಯದು ಅರ್ಥವಾಗದ ಶಬ್ದಕ್ಕೆ ಪೆನ್ಸಿಲ್ ಚುಕ್ಕಿ ಇಡುತ್ತ. ಮೂರನೆಯದು ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸುತ್ತ. ಚುಕ್ಕಿ ಇಟ್ಟ ಶಬ್ದಗಳನ್ನು ನಿಘಂಟಿನಲ್ಲಿ ನೋಡಿ, ಒಂದಕ್ಕಿಂತ ಹೆಚ್ಚು ಅರ್ಥವಿದ್ದರೆ ಎಲ್ಲವನ್ನೂ ಬರೆದುಕೊಳ್ಳಿ. ಆಮೇಲೆ ಪದ್ಯದ ಗದ್ಯರೂಪವನ್ನು ನಾಲ್ಕು ವಾಕ್ಯದಲ್ಲಿ ಬರೆದು ಒತ್ತಟ್ಟಿಗಿಡಿ. ಪ್ರಬಂಧದಲ್ಲಿ ಸಾರಾಂಶಕ್ಕೆ ಇರುವ ಜಾಗ ಆ ನಾಲ್ಕು ವಾಕ್ಯದಷ್ಟೇ.

ಹಳಗನ್ನಡದ ಭಯ ಇರುವವರಿಗೆ ಒಂದು ಮಾತು. ಮನೆಯಲ್ಲಿ ಕೊಡವ ತಕ್ಕ್ ಆಡುವವರಿಗೆ ಹಳಗನ್ನಡದ ಪಕಾರ ಹೊಸದಲ್ಲ. ಹೊಸಗನ್ನಡದಲ್ಲಿ ಹಾಲು, ಹೂ ಆದದ್ದು ಹಳಗನ್ನಡದಲ್ಲಿ ಪಾಲ್, ಪೂ. ಕೊಡವ ತಕ್ಕ್‌ನಲ್ಲಿ ಇಂದಿಗೂ ಹಾಗೇ ಇದೆ. ಹುತ್ತರಿಯನ್ನು ನೀವು ಪುತ್ತರಿ ಎನ್ನುತ್ತೀರಿ. ಹಳಗನ್ನಡ ಪದ್ಯದಲ್ಲಿ ಪಕಾರದ ಶಬ್ದ ಸಿಕ್ಕಿದಾಗ ಅದನ್ನು ಹಕಾರಕ್ಕೆ ತಿರುಗಿಸಿ ನೋಡಿ, ಬಹಳಷ್ಟು ಶಬ್ದಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಮಾತ್ರೆ ಎಣಿಸುವುದು

ಎರಡನೆಯ ದಿನ ಛಂದಸ್ಸು. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಅದಕ್ಕೇ ಸರಿಯಾಗಿ ಮಾಡಿದವರ ಉತ್ತರ ಎದ್ದು ಕಾಣುತ್ತದೆ. ಮಾತ್ರೆ ಎಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಸ್ವರವಿದ್ದರೆ ಗುರು. ಅನುಸ್ವಾರ, ವಿಸರ್ಗ ಕೂಡಿದ್ದರೆ ಗುರು. ವ್ಯಂಜನದಲ್ಲಿ ಮುಗಿದರೆ ಗುರು. ಮುಂದಿನ ಅಕ್ಷರ ಒತ್ತಕ್ಷರವಾಗಿದ್ದರೆ ಹಿಂದಿನದು ಗುರು. ತಪ್ಪು ಆಗುವುದು ಹೆಚ್ಚಾಗಿ ಈ ಕೊನೆಯದರಲ್ಲಿ. 'ಎಲ್ಲಿ' ಎಂಬುದರಲ್ಲಿ 'ಎ' ಹ್ರಸ್ವ ಎಂದು ಒಂದೇ ಮಾತ್ರೆ ಕೊಟ್ಟುಬಿಡುತ್ತಾರೆ. ಮುಂದೆ 'ಲ್ಲಿ' ಇರುವುದರಿಂದ ಅದಕ್ಕೆ ಎರಡು, ಒಟ್ಟು ಮೂರು.

ಕೈಯಲ್ಲೇ ಇರುವ ಪದ್ಯವೊಂದನ್ನು ತೆಗೆದುಕೊಳ್ಳೋಣ. ಪಂಜೆ ಮಂಗೇಶರಾಯರ (1874–1937) 'ಹುತ್ತರಿಯ ಹಾಡು' ಕೊಡಗಿನ ಸಭೆಗಳಲ್ಲಿ ಕೇಳಿ ಕೇಳಿ ಎಷ್ಟೋ ಜನರಿಗೆ ಬಾಯಿಗೆ ಬರುತ್ತದೆ. ಮೊದಲ ಚರಣ ಹೀಗಿದೆ:

ಎಲ್ಲಿ ಭೂರಮೆ ದೇವಸನ್ನಿಧಿ ಬಯಸಿ ಬಿಮ್ಮನೆ ಬಂದಳೋ
ಎಲ್ಲಿ ಮೋಹನ ಗಿರಿಯ ಬೆರಗಿನ ರೂಪಿನಿಂದಲಿ ನಿಂದಳೋ
ಎಲ್ಲಿ ಮುಗಿಲಲಿ ಮಿಂಚಿನೋಲ್ ಕಾವೇರಿ ಹೊಳೆ ಹೊಳೆ ಹೊಳೆವಳೋ
ಎಲ್ಲಿ ನೆಲವನು ತಣಿಸಿ ಜನಮನ ಹೊಲದ ಕಳೆ ಕಳೆ ಕಳೆವಳೋ
ಅಲ್ಲೆ ಆ ಕಡೆ ನೋಡಲಾ
ಅಲ್ಲೆ ಕೊಡಗರ ನಾಡಲಾ
ಅಲ್ಲೆ ಕೊಡಗರ ಬೀಡಲಾ

ಮೊದಲ ಸಾಲನ್ನು ಒಡೆದರೆ:

ಎಲ್ಲಿ (3) | ಭೂರಮೆ (4) | ದೇವ (3) | ಸನ್ನಿಧಿ (4) | ಬಯಸಿ (3) | ಬಿಮ್ಮನೆ (4) | ಬಂದಳೋ (5)

ಒಟ್ಟು 26 ಮಾತ್ರೆ. ಉಳಿದ ಮೂರು ಉದ್ದ ಸಾಲುಗಳೂ ಹೀಗೇ ನಡೆಯುತ್ತವೆ, ಎಣಿಸಿ ನೋಡಿ. ಮೂರನೆಯ ಸಾಲಿನಲ್ಲಿ ಕೆಲವರು ಸಿಕ್ಕಿಕೊಳ್ಳುತ್ತಾರೆ. 'ಮಿಂಚಿನೋಲ್' ಐದು, 'ಕಾವೇರಿ' ಐದು ಎಂದು ಶಬ್ದ ಶಬ್ದವಾಗಿ ಒಡೆದರೆ ಲೆಕ್ಕ ಕೂಡುವುದಿಲ್ಲ. ಗಣ, ಅಂದರೆ ಮಾತ್ರೆಗಳ ಗುಂಪು, ಶಬ್ದದ ಅಂಚಿನಲ್ಲೇ ನಿಲ್ಲಬೇಕೆಂಬ ನಿಯಮವಿಲ್ಲ. ಮಿಂಚಿ (3) | ನೋಲ್ ಕಾ (4) | ವೇರಿ (3) ಎಂದು ಒಡೆದರೆ ಸರಿಹೋಗುತ್ತದೆ.

ಈ ಮೂರು-ನಾಲ್ಕರ ನಡಿಗೆ ಎಲ್ಲೋ ಕೇಳಿದಂತಿದೆಯಲ್ಲ? ಆರು ಸಾಲಿನ ಭಾಮಿನೀ ಷಟ್ಪದಿಯ ನಡಿಗೆಯೂ ಇದೇ. ಅದರ 1, 2, 4, 5ನೇ ಸಾಲಿಗೆ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ 3+4 ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ 23. ಒಟ್ಟು 102 ಮಾತ್ರೆ. ಹುತ್ತರಿಯ ಹಾಡನ್ನು ಹೇಳಿದ ದನಿಯಲ್ಲೇ ಕುಮಾರವ್ಯಾಸನ 'ಶ್ರೀವನಿತೆಯರಸನೆ ವಿಮಲ ರಾ' ಎಂಬ ಸಾಲನ್ನು ಹೇಳಿ: ಶ್ರೀವ | ನಿತೆಯರ | ಸನೆವಿ | ಮಲರಾ. ತಾಳ ಎಲ್ಲೂ ತಪ್ಪುವುದಿಲ್ಲ. ಕಿವಿಗೆ ಹೀಗೆ ಒಮ್ಮೆ ಸಿಕ್ಕಿದ ಭಾಮಿನಿಯನ್ನು ಪರೀಕ್ಷೆಯಲ್ಲಿ ಸೂತ್ರ ನೆನಪಿಸಿಕೊಂಡು ಗುರುತಿಸಬೇಕಾಗುವುದಿಲ್ಲ.

ಛಂದಸ್ಸು ಗೊತ್ತಿಲ್ಲದೆ ಆಗುವ ಇನ್ನೊಂದು ಅನಾಹುತವಿದೆ. ಅದೇ ಪದ್ಯದ ಕೊನೆಗೆ 'ಗದುಗಿನ ವೀರನಾರಯಣ' ಎಂದಿದೆ. ಉದ್ಧರಿಸುವಾಗ ಹಲವರು ಅದನ್ನು 'ವೀರನಾರಾಯಣ' ಎಂದು 'ತಿದ್ದಿ' ಬರೆಯುತ್ತಾರೆ. ವೀರ (3) | ನಾರಯ (4) | ಣ ಎಂಬ ಲೆಕ್ಕಕ್ಕೆ ಹೊಂದಲೆಂದೇ ಕವಿ ದೀರ್ಘವನ್ನು ಹ್ರಸ್ವ ಮಾಡಿದ್ದಾನೆ. ತಿದ್ದಿದರೆ ಒಂದು ಮಾತ್ರೆ ಹೆಚ್ಚಾಗಿ ಸಾಲು ಕುಂಟುತ್ತದೆ. ಓದಿದ ಮೌಲ್ಯಮಾಪಕರ ಕಣ್ಣು ಅಲ್ಲೇ ನಿಲ್ಲುತ್ತದೆ.

ಎಣಿಸಿದ್ದನ್ನು ಏನು ಮಾಡಬೇಕು

'ಈ ಪದ್ಯ ಮೂರು-ನಾಲ್ಕರ ಗಣಗಳಲ್ಲಿದೆ' ಎಂದು ಬರೆದು ಮುಂದೆ ಹೋದರೆ ಅರ್ಧ ಅಂಕವೂ ಬಾರದು. ಛಂದಸ್ಸು ಎಲ್ಲಿ ಬದಲಾಗುತ್ತದೆ ನೋಡಿ. ನಾಲ್ಕು ಉದ್ದ ಸಾಲುಗಳ ನಂತರ 'ಅಲ್ಲೆ ಆ ಕಡೆ ನೋಡಲಾ' ಬರುತ್ತದೆ: 3+4+5, ಬರೀ 12 ಮಾತ್ರೆ. 26ರಿಂದ 12ಕ್ಕೆ ಇಳಿಯಿತು. ಯಾಕೆ? ನಾಲ್ಕೂ ಉದ್ದ ಸಾಲು 'ಎಲ್ಲಿ' ಎಂದು ಶುರುವಾಗಿ, ಯಾವ ನಾಡು ಎಂದು ಹೇಳದೆ ಕಾಯಿಸುತ್ತವೆ. ಗಿಡ್ಡ ಸಾಲುಗಳು ಬೆರಳು ಚಾಚಿ ತೋರಿಸುತ್ತವೆ. ಅದರಲ್ಲೂ ಮೊದಲನೆಯದು 'ನೋಡು' ಎನ್ನುತ್ತದೆಯೇ ಹೊರತು ಹೆಸರು ಹೇಳುವುದಿಲ್ಲ. 'ಕೊಡಗರ' ಎಂಬ ಶಬ್ದ ಬರುವುದು ಆರನೆಯ ಸಾಲಿಗೆ. ಇಷ್ಟು ಕಂಡಮೇಲೆ ಪ್ರಬಂಧದ ಮುಖ್ಯ ವಾದ ಸಿದ್ಧವಾದಂತೆಯೇ: ಈ ಚರಣ ಕೊಡಗನ್ನು ವರ್ಣಿಸಿ ಮುಗಿಸುವುದಿಲ್ಲ, ಕೇಳುಗನನ್ನು ಕಾಯಿಸಿ, ಅವನ ಕಣ್ಣನ್ನು ಆ ಕಡೆಗೆ ತಿರುಗಿಸುತ್ತದೆ.

ಮೂರನೆಯ ಸಾಲಿನಲ್ಲಿ ಕಾವೇರಿ ಎಂಬ ಹೆಸರು ಎರಡು ಗಣಗಳ ನಡುವಿನ ಗೆರೆ ದಾಟಿ ಹರಿದಿದೆ ಎಂಬುದನ್ನೂ ಗಮನಿಸಬಹುದು. ಚೆನ್ನಾದ ಸೂಕ್ಷ್ಮ. ಆದರೆ ಎರಡನೆಯ ಸಾಲಿನ 'ರೂಪಿನಿಂದಲಿ' ಕೂಡ ಹಾಗೇ ದಾಟಿದೆ. ಅದಕ್ಕೇ ಇಂಥದ್ದನ್ನು ಒಂದು ವಾಕ್ಯದಲ್ಲಿ ಹೇಳಿ ಬಿಡಿ, ಅದರ ಮೇಲೆ ವಾದ ಕಟ್ಟಬೇಡಿ.

ಶಬ್ದದ ಹತ್ತಿರ ಹೋಗಿ

ಮೂರನೆಯ ದಿನ ಅಲಂಕಾರ ಮತ್ತು ಶಬ್ದಾರ್ಥ. 'ಮಿಂಚಿನೋಲ್ ಕಾವೇರಿ ಹೊಳೆ ಹೊಳೆ ಹೊಳೆವಳೋ' ಎಂಬಲ್ಲಿ ಉಪಮೆಯ ನಾಲ್ಕೂ ಅಂಗಗಳಿವೆ. ಉಪಮೇಯ ಕಾವೇರಿ, ಉಪಮಾನ ಮಿಂಚು, ಉಪಮಾವಾಚಕ 'ಓಲ್', ಸಮಾನಧರ್ಮ ಹೊಳೆಯುವುದು. ನಾಲ್ಕೂ ಇರುವುದರಿಂದ ಪೂರ್ಣೋಪಮೆ. 'ಹೊಳೆ' ಎಂದರೆ ನದಿಯೂ ಹೌದು, ಹೊಳೆಯುವ ಕ್ರಿಯೆಯೂ ಹೌದು. ಒಂದೇ ಅಕ್ಷರಗುಂಪು ಬೇರೆ ಅರ್ಥದಲ್ಲಿ ಮರಳಿ ಬರುವುದರಿಂದ ಯಮಕ. ಮುಂದಿನ ಸಾಲಿನ 'ಕಳೆ ಕಳೆ ಕಳೆವಳೋ' ಅದಕ್ಕೆ ಜೋಡಿ. ಅಲ್ಲಿ ಮೊದಲ 'ಕಳೆ' ಹೊಲದ ಕಳೆ, ಕೊನೆಯದು ಕಳೆಯುವ ಕೆಲಸ. 'ಜನಮನ ಹೊಲ' ಎಂಬಲ್ಲಿ ಮನಸ್ಸೇ ಹೊಲವಾಗಿರುವುದರಿಂದ ರೂಪಕ.

ಇಲ್ಲಿಯವರೆಗೆ ಗುರುತಿಸಿದ್ದಾಯಿತು. ಇಷ್ಟಕ್ಕೇ ನಿಂತರೆ ಅದು ವ್ಯಾಕರಣದ ಉತ್ತರ. ಪ್ರತಿ ಅಲಂಕಾರದ ಮುಂದೆ 'ಇದರ ಬದಲು ಬೇರೇನು ಇರಬಹುದಿತ್ತು?' ಎಂದು ಕೇಳಿ. ಮಿಂಚಿನ ಬದಲು ಬೆಳ್ಳಿಯ ಸರಿಗೆ ಎಂದಿದ್ದರೆ? ಹೊಳಪು ಇರುತ್ತಿತ್ತು, ಆದರೆ ಮಳೆಯ ಸೂಚನೆ ಹೋಗುತ್ತಿತ್ತು. ಆಗ ಮುಂದಿನ ಸಾಲಿನ 'ನೆಲವನು ತಣಿಸಿ' ಎಂಬುದಕ್ಕೆ ಬೇರು ಇರುತ್ತಿರಲಿಲ್ಲ. ಹೀಗೆ ಬದಲಿ ಶಬ್ದ ಇಟ್ಟು ನೋಡುವುದು ವಿಶ್ಲೇಷಣೆಯ ಅತ್ಯಂತ ಸುಲಭವಾದ ಉಪಕರಣ. ಗೈಡಿನಲ್ಲಿ ಇದು ಸಿಗುವುದಿಲ್ಲ, ಏಕೆಂದರೆ ಇದನ್ನು ಓದುಗ ತಾನೇ ಮಾಡಬೇಕು.

ಎರಡು ಪ್ಯಾರಾಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಾಮಾನ್ಯವಾಗಿ ಬರುವ ಉತ್ತರ:

"ಈ ಪದ್ಯದಲ್ಲಿ ಕವಿಯು ಕೊಡಗಿನ ಸೌಂದರ್ಯವನ್ನು ಬಹಳ ಸುಂದರವಾಗಿ ವರ್ಣಿಸಿದ್ದಾರೆ. ಕಾವೇರಿಯನ್ನು ಮಿಂಚಿಗೆ ಹೋಲಿಸಿದ್ದಾರೆ. ಇಲ್ಲಿ ಉಪಮಾಲಂಕಾರವಿದೆ. ಇದರಿಂದ ಪದ್ಯ ಓದುಗರ ಮನ ಮುಟ್ಟುತ್ತದೆ."

ಅದೇ ಸಾಲಿನ ಮೇಲೆ ವಿಶ್ಲೇಷಣೆ:

"ಕಾವೇರಿ ಈ ಚರಣದಲ್ಲಿ ನೆಲಕ್ಕೆ ಬರುವ ಮೊದಲು 'ಮುಗಿಲಲಿ' ಕಾಣಿಸಿಕೊಳ್ಳುತ್ತಾಳೆ. 'ಮಿಂಚಿನೋಲ್' ಎಂಬ ಉಪಮೆ ಹೊಳಪಿನ ಜತೆಗೆ ಬರಲಿರುವ ಮಳೆಯ ನಿರೀಕ್ಷೆಯನ್ನೂ ಎಬ್ಬಿಸುತ್ತದೆ. 'ನೆಲವನು ತಣಿಸಿ' ಎಂಬ ಮುಂದಿನ ಸಾಲು ಆ ನಿರೀಕ್ಷೆಯನ್ನು ತೀರಿಸುತ್ತದೆ. 'ಹೊಳೆ ಹೊಳೆ ಹೊಳೆವಳೋ' ಎಂಬಲ್ಲಿ ನದಿಯ ಹೆಸರೂ ಬೆಳಕಿನ ಕ್ರಿಯೆಯೂ ಒಂದೇ ಶಬ್ದದಲ್ಲಿ ಬೆರೆತು ಬಿಡಿಸಲಾಗದಂತಾಗುತ್ತವೆ. ಮುಗಿಲಿನಿಂದ ನೆಲಕ್ಕೆ, ನೆಲದಿಂದ 'ಜನಮನ'ಕ್ಕೆ ಇಳಿಯುವ ಕಾವೇರಿಯ ದಾರಿಯಲ್ಲೇ ಪದ್ಯವೂ ಇಳಿಯುತ್ತದೆ."

ಎರಡನೆಯದರಲ್ಲಿ 'ಸುಂದರ' ಎಂಬ ಶಬ್ದವೇ ಇಲ್ಲ. ಉದ್ಧರಣೆಗಳು ಒಂದರಿಂದ ಮೂರು ಶಬ್ದದವು, ವಾಕ್ಯದೊಳಗೇ ಕೂತಿವೆ. ಪ್ರತಿ ವಾಕ್ಯ ಹಿಂದಿನದರ ಕೈ ಹಿಡಿದಿದೆ. ಒಂದು ಪ್ಯಾರಾ ಹೀಗೆ ಬರೆಯಲು ಮೊದಮೊದಲು ಅರ್ಧ ಗಂಟೆ ಹಿಡಿಯುತ್ತದೆ. ಹತ್ತು ಪ್ಯಾರಾ ಬರೆದ ಮೇಲೆ ಆರೇಳು ನಿಮಿಷಕ್ಕೆ ಬರುತ್ತದೆ.

ಯಾರು ಮಾತಾಡುತ್ತಿದ್ದಾರೆ, ಎಲ್ಲಿ ನಿಂತು

ನಾಲ್ಕನೆಯ ದಿನ ಪದ್ಯದೊಳಗಿನ ದನಿಯನ್ನು ಹುಡುಕಿ. ಹುತ್ತರಿಯ ಹಾಡಿನಲ್ಲಿ 'ಅಲ್ಲೆ ಆ ಕಡೆ' ಎಂದಿದೆ, 'ಇಲ್ಲೆ ಈ ಕಡೆ' ಎಂದಿಲ್ಲ. ಅಂದರೆ ಮಾತಾಡುವವನು ಕೊಡಗಿನ ಹೊರಗೆ ನಿಂತು, ಪಕ್ಕದಲ್ಲಿರುವ ಇನ್ನೊಬ್ಬನಿಗೆ ತೋರಿಸುತ್ತಿದ್ದಾನೆ. 'ನೋಡಲಾ' ಎಂಬುದರಲ್ಲಿ ಆ ಇನ್ನೊಬ್ಬನಿದ್ದಾನೆ. ಪಂಜೆಯವರು ಕರಾವಳಿಯ ಬಂಟ್ವಾಳದವರು, ಮಡಿಕೇರಿಯಲ್ಲಿ ಶಾಲೆಯ ಕೆಲಸದಲ್ಲಿದ್ದವರು ಎಂಬ ವಿವರ ಈಗ ಉಪಯೋಗಕ್ಕೆ ಬಂತು. ಹೊರಗಿನಿಂದ ಬಂದು ನಾಡನ್ನು ಮೆಚ್ಚಿದ ಕಣ್ಣು ಪದ್ಯದ 'ಆ ಕಡೆ'ಯಲ್ಲಿ ಕಾಣುತ್ತದೆ ಎಂದು ಒಂದು ವಾಕ್ಯ ಬರೆಯಬಹುದು.

ಕವಿಪರಿಚಯ ಬಳಸುವ ಸರಿಯಾದ ದಾರಿ ಇದು. ಪದ್ಯದ ಶಬ್ದವೊಂದು ಕರೆದರೆ ಮಾತ್ರ ಕವಿಯ ಬದುಕನ್ನು ಒಳಗೆ ಬಿಡಿ. ಹುಟ್ಟಿದ ಊರು, ತಂದೆ ತಾಯಿ, ಕೃತಿಗಳ ಪಟ್ಟಿ, ಪ್ರಶಸ್ತಿಗಳು ಎಂದು ಅರ್ಧ ಪುಟ ಬರೆಯುವುದು ಕೈ ಬೆಚ್ಚಗಾಗಲು ಮಾಡುವ ಕೆಲಸ. ಅದಕ್ಕೆ ಅಂಕವಿಲ್ಲ, ಎಂಟು ನಿಮಿಷ ಹೋಗುತ್ತದೆ.

ನಮ್ಮ ಊರಿನ ಅನುಭವವನ್ನು ಪದ್ಯದ ಮೇಲೆ ಹೊದಿಸುವುದೂ ಇಂಥದ್ದೇ ಅಪಾಯ. ತಲಕಾವೇರಿಯ ಮಂಜು ನೋಡಿದವರಿಗೆ 'ಮುಗಿಲಲಿ' ಎಂಬುದು ಉತ್ಪ್ರೇಕ್ಷೆ ಅನಿಸುವುದಿಲ್ಲ. ಅದು ಒಂದು ವಾಕ್ಯಕ್ಕೆ ತೂಕ ಕೊಡುತ್ತದೆ, ಒಂದು ಪುಟಕ್ಕೆ ಕೊಡುವುದಿಲ್ಲ. ಮಳೆಯ ಪದ್ಯಗಳಲ್ಲಂತೂ ಎಚ್ಚರ ಬೇಕು. ಬಯಲುಸೀಮೆಯ ಕವಿಯ ಮಳೆ ಕಾಯಿಸಿ ಕಾಯಿಸಿ ಬಂದ ನೆಂಟ. ಮೂರು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಬೆಳೆದವರು ಅದನ್ನು ಬೇಸರದ ಸಂಕೇತವೆಂದು ಓದಿದರೆ ಇಡೀ ಉತ್ತರ ದಾರಿ ತಪ್ಪುತ್ತದೆ. ಪದ್ಯದಲ್ಲಿ ಮಳೆ ಬಂದ ಮೇಲೆ ಜನ ಏನು ಮಾಡುತ್ತಾರೆ, ಯಾವ ಕ್ರಿಯಾಪದಗಳಿವೆ ಎಂದು ನೋಡಿ ತೀರ್ಮಾನಿಸಿ.

ಛಂದಸ್ಸಿಲ್ಲದ ಪದ್ಯ ಬಂದರೆ

ವಚನ, ನವ್ಯ ಕವಿತೆಗಳಲ್ಲಿ ಮಾತ್ರೆ ಎಣಿಸಲು ಸಿಗುವುದಿಲ್ಲ. ಅಲ್ಲಿ ಕ್ರಮ, ಸಮಾನರಚನೆ, ಸಾಲು ಮುರಿಯುವ ಜಾಗ ಇವನ್ನು ಹಿಡಿಯಿರಿ. ಬಸವಣ್ಣನವರ 'ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ' ಎಂಬ ಸಾಲು ನೋಡಿ. ಕಾಲು, ದೇಹ, ಶಿರ ಎಂದು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಗುಡಿಯನ್ನು ಕಟ್ಟುವುದೂ ಕಂಬದಿಂದ ಕಳಸಕ್ಕೆ. ಹಿಂದಿನ ಸಾಲಿನ ಉಳ್ಳವರು ಶಿವಾಲಯ 'ಮಾಡುವರು'. ಬಡವ ಅದೇ ಕ್ರಮದಲ್ಲಿ ಮಾತಿನಲ್ಲೇ ಕಟ್ಟಿಬಿಡುತ್ತಾನೆ. 'ಕಾಲು ಕಂಬದಂತೆ' ಎಂದಿದ್ದರೆ ಉಪಮೆಯಾಗುತ್ತಿತ್ತು, ದೇಹ ಬೇರೆ, ಗುಡಿ ಬೇರೆ ಉಳಿಯುತ್ತಿತ್ತು. 'ಕಾಲೇ' ಎಂಬ ಏಕಾರ ಆ ಅಂತರವನ್ನು ಅಳಿಸಿ ರೂಪಕ ಮಾಡಿದೆ. 'ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ' ಎಂಬ ಕೊನೆಯ ಮಾತು ನಿಲ್ಲುವುದು ಈ ಏಕಾರದ ಮೇಲೆ.

ನವ್ಯ ಕವಿತೆಯಲ್ಲಿ ಸಾಲಿನ ಕೊನೆಯ ಶಬ್ದಗಳನ್ನಷ್ಟೇ ಕೆಳಗೆ ಕೆಳಗೆ ಬರೆದು ನೋಡಿ. ಕವಿ ಎಲ್ಲಿ ನಿಲ್ಲಿಸಿದ್ದಾನೆ, ಯಾವ ಶಬ್ದವನ್ನು ಒಂಟಿಯಾಗಿ ಬಿಟ್ಟಿದ್ದಾನೆ ಎಂಬುದು ಬೇಗ ಕಾಣುತ್ತದೆ.

ಪದ್ಯಕ್ಕೊಂದು ಕಾರ್ಡ್

ವಾರದ ಕೊನೆಗೆ ಕಂಡದ್ದೆಲ್ಲ ಒಂದೇ ಎ4 ಹಾಳೆಯ ಒಂದು ಮಗ್ಗುಲಿಗೆ ಬರಬೇಕು. ಮೇಲೆ ಒಂದು ವಾಕ್ಯದಲ್ಲಿ ಮುಖ್ಯ ವಾದ. ಎಡಕ್ಕೆ ಎಂಟು ಉದ್ಧರಣೆ, ಒಂದೊಂದೂ ಎರಡರಿಂದ ನಾಲ್ಕು ಶಬ್ದ. ಬಲಕ್ಕೆ ಪ್ರತಿಯೊಂದರ ಎದುರು ಅದು ಮಾಡುವ ಕೆಲಸ, ಐದಾರು ಶಬ್ದಗಳಲ್ಲಿ. ಕೆಳಗೆ ಛಂದಸ್ಸು ಮತ್ತು ಅದು ಬದಲಾಗುವ ಜಾಗ, ದನಿ, ಕಾಲದ ಬಗ್ಗೆ ಎರಡು ವಾಕ್ಯ. ಎರಡನೆಯ ಹಾಳೆ ಬೇಕೆನಿಸಿದರೆ ಸಾರಾಂಶ ಒಳಗೆ ನುಸುಳಿದೆ ಎಂದೇ ತಿಳಿಯಿರಿ.

ಪೂರ್ತಿ ಪದ್ಯ ಬಾಯಿಪಾಠ ಮಾಡಿದರೆ ಒಳ್ಳೆಯದು, ಆದರೆ ಪರೀಕ್ಷೆಯಲ್ಲಿ ಪೂರ್ತಿ ಬರೆಯಬೇಡಿ. ನಾಲ್ಕು ಸಾಲು ಒಟ್ಟಿಗೆ ಉದ್ಧರಿಸಿ ಕೆಳಗೆ 'ಇಲ್ಲಿ ಕವಿಯು' ಎಂದು ಶುರು ಮಾಡಿದರೆ ಮತ್ತೆ ಸಾರಾಂಶಕ್ಕೇ ಜಾರುತ್ತೀರಿ.

ಕಾಗುಣಿತಕ್ಕೂ ಒಂದು ಪಟ್ಟಿ ಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಯಾವುದೇ ಆಡಲಿ, ಮಹಾಪ್ರಾಣ ಮತ್ತು ಶ-ಷ-ಸ ಕೈತಪ್ಪುವುದು ಎಲ್ಲರಿಗೂ ಇದ್ದದ್ದೇ. ಪದ್ಯದ ಪ್ರಬಂಧದಲ್ಲಿ ಮೇಲಿಂದ ಮೇಲೆ ಬರುವ ಶಬ್ದಗಳು ಹೆಚ್ಚಿಲ್ಲ: ಛಂದಸ್ಸು, ಷಟ್ಪದಿ, ಧ್ವನಿ, ಭಾವ, ಸಂದರ್ಭ, ವಿಶ್ಲೇಷಣೆ, ವಿಮರ್ಶೆ, ಶ್ಲೇಷೆ, ದೃಷ್ಟಾಂತ, ಉತ್ಪ್ರೇಕ್ಷೆ. ಈ ಹತ್ತನ್ನು ದಿನಕ್ಕೊಮ್ಮೆ ಕೈಯಲ್ಲಿ ಬರೆಯಿರಿ. ಫೋನಿನಲ್ಲಿ ಟೈಪ್ ಮಾಡಿದರೆ ಕೈಗೆ ಅಭ್ಯಾಸವಾಗುವುದಿಲ್ಲ.

ಗಡಿಯಾರ

ನಿಮ್ಮ ಪರೀಕ್ಷೆಯ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ಮೂರು ಗಂಟೆಗೆ 80 ಅಂಕವಿದ್ದರೆ, ಪ್ರಶ್ನೆಪತ್ರಿಕೆ ಓದಲು ಮತ್ತು ಕೊನೆಯ ತಿದ್ದುಪಡಿಗೆ 15 ನಿಮಿಷ ಕಳೆದು 165 ನಿಮಿಷ ಉಳಿಯುತ್ತದೆ. ಅಂಕಕ್ಕೆ ಸುಮಾರು ಎರಡು ನಿಮಿಷ, 15 ಅಂಕದ ಪ್ರಬಂಧಕ್ಕೆ 30 ನಿಮಿಷ. ಯುಪಿಎಸ್‌ಸಿ ಐಚ್ಛಿಕ ಪತ್ರಿಕೆಯಲ್ಲಿ ಮೂರು ಗಂಟೆಗೆ 250 ಅಂಕ. ಅಲ್ಲಿ 20 ಅಂಕದ ಪ್ರಶ್ನೆಗೂ ಹದಿನಾಲ್ಕು ನಿಮಿಷವಷ್ಟೇ. ಒಬ್ಬರ ಸಲಹೆ ಇನ್ನೊಬ್ಬರಿಗೆ ಹೊಂದದಿರುವುದು ಇದಕ್ಕೇ.

30 ನಿಮಿಷದ ಪ್ರಬಂಧವನ್ನು ಹೀಗೆ ಹಂಚಿ: ಪ್ರಶ್ನೆಯನ್ನು ಒಡೆದು ನೋಡಲು 2 ನಿಮಿಷ, ರೂಪರೇಷೆಗೆ 5, ಬರೆಯಲು 20, ಮರು ಓದಿಗೆ 3. ಐದು ನಿಮಿಷದ ರೂಪರೇಷೆ ದುಬಾರಿ ಅನಿಸಬಹುದು. ಅದನ್ನು ಬಿಟ್ಟವರು ಎರಡನೆಯ ಪುಟದಲ್ಲಿ ಪೆನ್ನು ಎತ್ತಿ ಕೂರುತ್ತಾರೆ. ರೂಪರೇಷೆ ಎಂದರೆ ಮುಖ್ಯ ವಾದದ ಒಂದು ಸಾಲು, ಕೆಳಗೆ ಮೂರು ಪ್ಯಾರಾಕ್ಕೆ ಮೂರು ಉದ್ಧರಣೆ, ಅಷ್ಟೆ. ಪದ್ಯದ ಸಾಲಿನ ಕ್ರಮದಲ್ಲೇ ಪ್ಯಾರಾ ಕಟ್ಟಬೇಕೆಂದಿಲ್ಲ. ಹುತ್ತರಿಯ ಹಾಡಿನ ಮೇಲೆ ಬರೆಯುವಾಗ ಕೊನೆಯ 'ಆ ಕಡೆ'ಯಿಂದಲೇ ಶುರು ಮಾಡಿ, ಆಮೇಲೆ 'ಎಲ್ಲಿ' ಸಾಲುಗಳಿಗೆ ಹಿಂತಿರುಗಬಹುದು. ಕ್ರಮ ಬದಲಿಸಿದರೆ ಸಾರಾಂಶಕ್ಕೆ ಜಾರುವ ಚಟವೂ ತಾನಾಗಿ ತಪ್ಪುತ್ತದೆ.

ಬರವಣಿಗೆಯ ವೇಗ ತಿಳಿಯಲು ಹತ್ತು ನಿಮಿಷ ನಿಲ್ಲಿಸದೆ ಬರೆದು ಶಬ್ದ ಎಣಿಸಿ. ನಿಮಿಷಕ್ಕೆ 12 ಶಬ್ದ ಬಂದರೆ 20 ನಿಮಿಷಕ್ಕೆ 240. ಅಂದರೆ ಒಂದು ಚಿಕ್ಕ ಪೀಠಿಕೆ, ಅರವತ್ತೆಪ್ಪತ್ತು ಶಬ್ದದ ಮೂರು ಪ್ಯಾರಾ. ಐದು ಪ್ಯಾರಾದ ಯೋಜನೆ ಹಾಕಿ ನಾಲ್ಕನೆಯದರಲ್ಲಿ ಗಂಟೆ ಹೊಡೆಸಿಕೊಳ್ಳುವುದಕ್ಕಿಂತ ಮೂರನ್ನು ಗಟ್ಟಿಯಾಗಿ ಬರೆಯುವುದು ಲೇಸು.

ಪೀಠಿಕೆ ಮೂರು ವಾಕ್ಯ ಮೀರದಿರಲಿ. 'ಕನ್ನಡ ಸಾಹಿತ್ಯಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ' ಎಂದು ಶುರುವಾಗುವ ಉತ್ತರ ಪತ್ರಿಕೆಗಳಿಗೆ ಕೊನೆಯಿಲ್ಲ. ಮೊದಲ ವಾಕ್ಯದಲ್ಲೇ ಪದ್ಯದೊಳಗೆ ಇಳಿಯಿರಿ: 'ಹುತ್ತರಿಯ ಹಾಡಿನ ಮೊದಲ ಚರಣ ಕೊಡಗಿನ ಹೆಸರನ್ನು ಆರನೆಯ ಸಾಲಿನವರೆಗೆ ತಡೆಹಿಡಿಯುತ್ತದೆ.' ಓದುವವರು ಅಲ್ಲೇ ನೆಟ್ಟಗೆ ಕೂರುತ್ತಾರೆ.

ಕೊನೆಯ ಎರಡು ವಾರದಲ್ಲಿ ಹೀಗೆ ಗಡಿಯಾರ ಇಟ್ಟು ಕನಿಷ್ಠ ಆರು ಪ್ರಬಂಧ ಬರೆಯಿರಿ. ಮೊದಲ ಎರಡು ಕಾರ್ಡ್ ನೋಡಿಕೊಂಡು, ಮುಂದಿನ ಎರಡು ನೋಡದೆ, ಕೊನೆಯ ಎರಡು ಎಂದೂ ಓದಿರದ ಪದ್ಯದ ಮೇಲೆ. ಬರೆದದ್ದನ್ನು ಸ್ನೇಹಿತರೊಂದಿಗೆ ಅದಲು ಬದಲು ಮಾಡಿ, ಒಂದೇ ಕೆಲಸ ಕೊಡಿ: ಪದ್ಯದ ಶಬ್ದ ಸಾಕ್ಷಿಯಿಲ್ಲದ ವಾಕ್ಯಗಳ ಕೆಳಗೆ ಗೆರೆ ಎಳೆಯಲಿ. ಮೊದಲ ಸಲ ಅರ್ಧ ಉತ್ತರಕ್ಕೆ ಗೆರೆ ಬೀಳುತ್ತದೆ. ಅದಕ್ಕೆ ಎದೆಗುಂದಬೇಡಿ, ಆ ವಾಕ್ಯಗಳನ್ನಷ್ಟೇ ಮತ್ತೆ ಬರೆಯಿರಿ.

ಪರೀಕ್ಷೆಯಲ್ಲಿ ಉಳಿಸಿಕೊಂಡ ಕೊನೆಯ ಮೂರು ನಿಮಿಷದಲ್ಲಿ ಇಡೀ ಉತ್ತರ ಓದಲು ಹೋಗಬೇಡಿ. ಉದ್ಧರಣೆಗಳಲ್ಲಿ ಅಕ್ಷರ ತಪ್ಪಿದೆಯೇ, ಕವಿಯ ಹೆಸರು ಸರಿಯಿದೆಯೇ, ಪ್ರಶ್ನೆಯ ಸಂಖ್ಯೆ ಹಾಕಿದ್ದೀರೇ, ಇಷ್ಟು ನೋಡಿ. ಸಮಯ ಮಿಕ್ಕರೆ 'ಸುಂದರವಾಗಿ', 'ಅದ್ಭುತವಾಗಿ', 'ಮನಮುಟ್ಟುವಂತೆ' ಎಂಬ ಶಬ್ದಗಳು ಎಲ್ಲಿವೆ ಹುಡುಕಿ, ಒಂದೇ ಗೆರೆ ಎಳೆದು ಹೊಡೆದುಹಾಕಿ, ಅದರ ಮೇಲೆ ಪದ್ಯದ್ದೇ ಒಂದು ಶಬ್ದವನ್ನು ಬರೆಯಿರಿ.